ಲವಂಗದ ತೋಟದ ನೆರಳು

ನಮ್ಮೂರಿನ ಲವಂಗದ ತೋಟದ ಬಾಗಿಲಿಗೆ ನಾನೇ ಬರೆದುಕೊಟ್ಟ ಒಂದು ಬೋರ್ಡು ಇದೆ. ‘ಇವತ್ತು ಮೋಡ, ತೋಟ ಇರುವುದಿಲ್ಲ’ ಎಂದು. ಹೊರಗಿನಿಂದ ಬಂದವರು ಅದನ್ನು ಓದಿ, ಬರೆದವನಿಗೆ ತಲೆ ಕೆಟ್ಟಿರಬೇಕು ಎಂದುಕೊಳ್ಳುತ್ತಾರೆ. ಬೋರ್ಡು ಬರೆಯುವುದು ನನ್ನ ಕಸುಬು. ಈ ಊರಿನ ಅಷ್ಟೂ ಅಂಗಡಿಗಳ ಹಣೆಬರಹ ಬರೆದವನು ನಾನು, ಸಿದ್ದೋಜಿ. ‘ಶುದ್ಧ ತುಪ್ಪ’ ಎಂದು ಬರೆದಿದ್ದೇನೆ, ‘ಇಂದು ನಗದು ನಾಳೆ ಉದ್ರಿ’ ಎಂದು ಬರೆದಿದ್ದೇನೆ. ಅವೆಲ್ಲ ಎಷ್ಟು ನಿಜವೋ ದೇವರಿಗೇ ಗೊತ್ತು. ತೋಟದ ಬಾಗಿಲಿನ ಬೋರ್ಡಿನಲ್ಲಿ ಮಾತ್ರ ಒಂದಕ್ಷರ ಸುಳ್ಳಿಲ್ಲ. ಮೋಡ ಕವಿದ ದಿನ ನಮ್ಮ ತೋಟ ಇರುವುದಿಲ್ಲ, ಬಿಸಿಲು ಬಂದರೆ ಇರುತ್ತದೆ.

ಮರ ಕಡಿಸಿದಾಗ ನಾನಿನ್ನೂ ಚಡ್ಡಿ ಹಾಕ್ಕೋ ಎಂದರೆ ಓಡಿಹೋಗುವ ವಯಸ್ಸಿನವನು. ಲವಂಗದ ಮರಗಳಿಗೆ ಅದೆಂಥದೋ ರೋಗ ತಗುಲಿ ತುದಿಯಿಂದ ಒಣಗುತ್ತಾ ಬಂದವಂತೆ. ತೋಟದ ಸಾಹೇಬ ಔಷಧಿ ಹೊಡೆಸಿದ, ಹರಕೆಯನ್ನೂ ಹೊತ್ತ ಎನ್ನುತ್ತಾರೆ. ಯಾವುದೂ ನಾಟದೆ ಇದ್ದಾಗ ಎಲ್ಲವನ್ನೂ ಬುಡಸಮೇತ ಕಡಿಸಿ, ಬಂಗಲೆಗೆ ಬೀಗ ಜಡಿದು, ತನ್ನ ದೇಶಕ್ಕೆ ಹೋಗುವ ಹಡಗು ಹತ್ತಿದ. ಮರುದಿನ ಬೆಳಿಗ್ಗೆ ಬಿಸಿಲೇರಿದಾಗ ಮರಗಳ ನೆರಳುಗಳು ಎಂದಿನ ಜಾಗದಲ್ಲೇ ಇದ್ದವು. ಬಯಲಿನಲ್ಲಿ ಒಂದು ಕಡ್ಡಿ ನಿಂತಿರಲಿಲ್ಲ, ಆದರೆ ನೆಲದ ಮೇಲೆ ಸಾಲು ಸಾಲು ಮರಗಳು ಎಲೆ ಅಲ್ಲಾಡಿಸುತ್ತಾ ಮಲಗಿದ್ದವು. ಕೂಲಿ ಬಾಕಿ ಕೇಳಲು ಹೋಗಿದ್ದ ನಮ್ಮವ್ವ ಅದನ್ನು ನೋಡಿ ಮಾಡಿದ್ದು ಇಷ್ಟೇ: ದಿನಾ ಕೂರುತ್ತಿದ್ದ ಮರದ ನೆರಳಿನಲ್ಲಿ ಕೂತು, ಬುತ್ತಿ ಬಿಚ್ಚಿ ಉಂಡು ಬಂದಳಂತೆ.

ಊರು ಈ ನೆರಳಿಗೆ ಒಗ್ಗಿಕೊಳ್ಳಲು ಹೆಚ್ಚು ಕಾಲ ಹಿಡಿಯಲಿಲ್ಲ. ಕ್ಷೌರದ ಬಾಬಣ್ಣ ತನ್ನ ಕುರ್ಚಿಯನ್ನು ಅಲ್ಲಿಗೇ ತಂದ. ನೆರಳು ಸರಿದ ಹಾಗೆ ಅವನೂ ಕುರ್ಚಿ ಸರಿಸುತ್ತಿದ್ದ; ಅವನ ಮಾತಿನ ಚಪಲದಲ್ಲಿ ಬೇಲಿಯ ಹತ್ತಿರ ಒಂದು ಕೆನ್ನೆ ಬೋಳಿಸಿಕೊಂಡವನು ಇನ್ನೊಂದು ಕೆನ್ನೆ ಮುಗಿಯುವಷ್ಟರಲ್ಲಿ ಬಾವಿಯ ಹತ್ತಿರ ಇರುತ್ತಿದ್ದ. ಮಜ್ಜಿಗೆ ಮಾರುವವರು ಬಂದರು, ಮದುವೆಯ ಊಟದ ಪಂಕ್ತಿಗಳು ಅಲ್ಲೇ ಕೂತವು. ಆ ವರ್ಷ ಹುಟ್ಟಿದ ಕಾಗೆಮರಿಗಳು ಮಾತ್ರ ಪಾಪ, ನೆರಳು ನೋಡಿ ಕೊಂಬೆ ಇದೆಯೆಂದು ಗಾಳಿಯಲ್ಲಿ ಕೂರಲು ಹೋಗಿ ಬೀಳುತ್ತಿದ್ದವು. ಮೂಡಣ ಬೇಲಿಗೆ ತಾಗಿದ ಮನೆಯ ಇಮಾಮ್ ಸಾಬರು, ಒಂದು ಕೊಂಬೆಯ ನೆರಳು ಬೆಳೆದು ತಮ್ಮ ಅಂಗಳಕ್ಕೆ ಚಾಚಿದೆ, ಒಣಹಾಕಿದ ಮೆಣಸಿನಕಾಯಿ ಒಣಗುತ್ತಿಲ್ಲ ಎಂದು ಪಂಚಾಯಿತಿಗೆ ದೂರು ಕೊಟ್ಟರು. ಪಂಚಾಯಿತಿ ನ್ಯಾಯವಾಗಿಯೇ ಕೊಂಬೆ ಕಡಿಯಲು ಅಪ್ಪಣೆ ಮಾಡಿತು. ಕೊಡಲಿ ಹಿಡಿದು ಹೋದ ಆಳು ಸಂಜೆಯ ತನಕ ಅಂಗಳದಲ್ಲಿ ನಿಂತು, ಚಹಾ ಕುಡಿದು ವಾಪಸ್ಸು ಬಂದ. ಆಮೇಲೆ ಸಾಬರು ಮೆಣಸಿನಕಾಯಿಯನ್ನು ಮಾಳಿಗೆಯ ಮೇಲೆ ಒಣಗಿಸಿದರು.

ನೆರಳಿಗೆ ವಾಸನೆ ಇಲ್ಲ, ಅದೊಂದೇ ಕೊರತೆ. ನಾನು ಮಗುವಾಗಿದ್ದಾಗ ಇಡೀ ಊರೇ ಲವಂಗದ ಡಬ್ಬಿಯಂತೆ ಇತ್ತು. ಅವ್ವನ ಸೆರಗು, ಅವಳು ಕಲಸಿದ ಅನ್ನ, ನಮ್ಮ ಕೌದಿ, ಎಲ್ಲದರಲ್ಲೂ ಆ ಘಾಟು. ಅದನ್ನು ನೆನೆದರೆ ಈಗಲೂ ನನ್ನ ಕಣ್ಣು ಮಂಜಾಗುತ್ತದೆ. ಈಗ ಹಲ್ಲುನೋವಿಗೆ ಎರಡು ಲವಂಗ ಬೇಕೆಂದರೆ ಶೆಟ್ಟರ ಅಂಗಡಿಗೆ ಹೋಗಬೇಕು, ಅದೂ ಎಲ್ಲಿಯದೋ ಮಾಲು.

ವರ್ಷದ ಉಳಿದ ದಿನಗಳಲ್ಲಿ ಬರೀ ಮರಗಳ ನೆರಳು. ಮಾಗಿ ಕಳೆದು ಕೊಯ್ಲಿನ ತಿಂಗಳು ಬಂತೆಂದರೆ ಆಳುಗಳೂ ಬರುತ್ತಾರೆ. ತೋಟದಲ್ಲಿ ದುಡಿದು ಈಗ ತೀರಿಹೋಗಿರುವವರು. ಬದುಕಿರುವವರ ನೆರಳು ಅವರವರ ಕಾಲಬುಡದಲ್ಲೇ ಇರುತ್ತದಲ್ಲ, ಹೋದವರದು ಕೊಯ್ಲಿಗೆ ತೋಟಕ್ಕೆ ಹಿಂದಿರುಗುತ್ತದೆ. ಏಣಿಗಳ ನೆರಳು, ಏಣಿಯ ಮೇಲೆ ಗಂಡಸರ ನೆರಳು, ಕೆಳಗೆ ಗೋಣಿತಾಟು ಹಾಸಿ ಮೊಗ್ಗು ಬಿಡಿಸುವ ಹೆಂಗಸರ ನೆರಳು. ಇದಕ್ಕೆ ಯಾರೂ ಹೆದರುವುದಿಲ್ಲ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೋಗಿ, ಅಗೋ ಅಜ್ಜ, ಇಗೋ ಚಿಕ್ಕಮ್ಮ ಎಂದು ಮಕ್ಕಳಿಗೆ ತೋರಿಸಿ ಬರುತ್ತಾರೆ. ನಮ್ಮಪ್ಪ ಅಲ್ಲಿಗೆ ಬರುವುದಿಲ್ಲ, ಅವನು ತೋಟದಲ್ಲಿ ಒಂದು ದಿನವೂ ಬೆವರು ಸುರಿಸಿದವನಲ್ಲ. ಅದಕ್ಕೆ ಅವ್ವ ಅವನು ಸತ್ತ ಮೇಲೂ ಬೈಯುತ್ತಿದ್ದಳು. ಈಗ ಅವ್ವ ಬರುತ್ತಾಳೆ. ಒಣಗಿಸುವ ಕಣದ ಪಕ್ಕ, ಕಾಲು ಚಾಚಿ ಕೂತಿರುತ್ತಾಳೆ. ಅವಳ ಬೆನ್ನು ನೆಟ್ಟಗಿರುತ್ತದೆ. ನನಗೆ ಬುದ್ಧಿ ಬಂದಾಗಿನಿಂದ ಬಾಗಿದ ಬೆನ್ನನ್ನೇ ನೋಡಿದ್ದ ನಾನು, ಅವ್ವನ ಹರೆಯದ ಬೆನ್ನನ್ನು ನೋಡಿದ್ದು ಅಲ್ಲೇ.

ಈ ತೋಟ ಉಳಿದಿದ್ದರೆ ಅದು ಅನಸೂಯಾ ಮೇಡಂ ದಯೆ. ಹೈಸ್ಕೂಲಿನ ಹೆಡ್‌ಮಿಸ್ ಆಗಿದ್ದು ನಿವೃತ್ತರಾದವರು. ಬಯಲನ್ನು ಸೈಟು ಮಾಡಿ ಹಂಚಬೇಕೆಂದು ಹೊರಟವರ ಎದುರು ನಿಂತು, ಸಂರಕ್ಷಣಾ ಸಮಿತಿ ಮಾಡಿ, ಹೊಸ ಬೇಲಿ ಹಾಕಿಸಿದರು. ಕ್ರಿಕೆಟ್ ಆಡುವವರನ್ನು ಓಡಿಸಿದರು. ಬಂಗಲೆಯ ಬೀಗ ಒಡೆಸಿ, ಸುಣ್ಣ ಬಳಿಸಿ, ಅಲ್ಲೊಂದು ಚಿತ್ರಶಾಲೆ ತೆರೆದರು. ಪ್ರತಿ ಕೊಯ್ಲಿನಲ್ಲೂ ಊರಿನವರು ಬಂದು ತಮಗೆ ಬೇಕಾದ ನೆರಳನ್ನು ಬರೆಯಬೇಕು, ಒಳ್ಳೆಯದನ್ನು ಬಂಗಲೆಯಲ್ಲಿ ತೂಗುಹಾಕಬೇಕು, ಇದು ಅವರ ಕಟ್ಟಳೆ. ಫೋಟೋದಲ್ಲಿ ಬರೀ ಬಯಲು ಬರುತ್ತದೆ, ನೆರಳು ಬರುವುದಿಲ್ಲ. ಹಾಗಾಗಿ ಪೆನ್ಸಿಲ್ಲೇ ಗತಿ.

ಬರೆಯುವುದೆಂದರೆ ಕಾಗದವನ್ನು ನೆಲದ ಮೇಲೆ ಹಾಸಿ, ಅದರ ಮೇಲೆ ಬಿದ್ದ ನೆರಳಿನ ಅಂಚನ್ನು ಹಿಡಿದುಕೊಂಡು ಹೋಗುವುದು. ಆದರೆ ನೆರಳು ನಮಗಾಗಿ ಕಾಯುತ್ತದೆಯೇ? ಬುಡದಿಂದ ಶುರುಮಾಡಿ ತುದಿಗೆ ಬರುವಷ್ಟರಲ್ಲಿ ಅದು ಮೂಡಣಕ್ಕೆ ಜರುಗಿರುತ್ತದೆ. ಆದ್ದರಿಂದ ನಮ್ಮೂರಿನ ಚಿತ್ರಗಳಲ್ಲಿ ಮರಗಳೆಲ್ಲ ಸೊಂಟ ಉಳುಕಿದ ಹಾಗೆ ಒಂದೇ ಕಡೆಗೆ ವಾಲಿರುತ್ತವೆ. ಬಂಗಲೆಯ ಗೋಡೆಗಳ ಮೇಲೆ ಆ ಸೊಟ್ಟ ಮರಗಳನ್ನು ನೋಡಿ ಬೇರೆ ಊರಿನವರು ನಗುತ್ತಾರೆ. ನನಗೆ ಮಾತ್ರ ಇದು ಜೀವಮಾನದ ಕೊರಗಾಗಿತ್ತು. ನೆಟ್ಟಗಿನ ಗೆರೆ ಎಳೆದು ಅನ್ನ ತಿಂದವನು ನಾನು. ಎತ್ತರದ ಜಾಗವೊಂದಿದ್ದರೆ, ಅಲ್ಲಿ ಕೂತು ಇಡೀ ತೋಟವನ್ನು ಒಂದೇ ನೋಟಕ್ಕೆ ಹಿಡಿದು, ಒಂದೇ ಒಂದು ಸರಿಯಾದ ಚಿತ್ರ ಬರೆದು ಕಣ್ಣು ಮುಚ್ಚಬೇಕೆಂದು ಎಷ್ಟು ಸಲ ಆಸೆಪಟ್ಟಿದ್ದೆನೋ. ನಮ್ಮದು ತಟ್ಟೆಯಂಥ ಬಯಲು. ಹತ್ತಲು ಒಂದು ದಿಬ್ಬ ಕೂಡ ಇಲ್ಲ.

ಹಾಗಾಗಿ, ಬಯಲಿನ ಪಡುವಣ ತುದಿಯಲ್ಲಿ ನೆಲಕ್ಕೆ ಸಮನಾಗಿರುವ ಬಂಡೆಯ ಮೇಲೆ ಕಬ್ಬಿಣದ ಗೋಪುರ ಕಟ್ಟಿಸುತ್ತೇವೆ, ಜನ ಮೇಲೆ ಹತ್ತಿ ತೋಟ ನೋಡಲಿ ಎಂದು ಮೇಡಂ ಸಭೆಯಲ್ಲಿ ಹೇಳಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನೇ. ಉದ್ಘಾಟನೆಯ ದಿನ ಮೇಲಿನಿಂದ ಮೊದಲ ಚಿತ್ರ ನಾನು ಬರೆಯಬೇಕು, ಅದನ್ನು ಬಂಗಲೆಯ ನಡುಮನೆಯಲ್ಲಿ ಹಾಕಬೇಕು ಎಂದೂ ತೀರ್ಮಾನವಾಯಿತು. ಮನೆಗೆ ಬಂದು ಆ ಸಂತೋಷಕ್ಕೆ ಒಬ್ಬನೇ ಎರಡು ಲೋಟ ಪಾಯಸ ಕುಡಿದೆ.

ಈಗ ದೇವೀರಕ್ಕನ ವಿಷಯ ಹೇಳಬೇಕು. ತೋಟದಲ್ಲಿ ದುಡಿದು ಇನ್ನೂ ಬದುಕಿರುವವರು ಊರಿನಲ್ಲಿ ಬೆರಳೆಣಿಕೆಯಷ್ಟು, ಅವರಲ್ಲಿ ಆಕೆ ಒಬ್ಬಳು. ಎಂಬತ್ತರ ಹತ್ತಿರ ವಯಸ್ಸು, ಎರಡೂ ಮೊಣಕಾಲು ಹಿಡಿದಿವೆ, ನಾಲಿಗೆಗೆ ಮಾತ್ರ ಯಾವ ವಾತವೂ ಬಡಿದಿಲ್ಲ. ಕೊಯ್ಲಿನ ತಿಂಗಳಿಡೀ ಸಂಜೆ ಅವಳು ಬಂದು ಕೂರುವ ಜಾಗ ಒಂದೇ, ಬಂಡೆಗೆ ನೇರ ಎದುರಿನ ಸಾಲಿನಲ್ಲಿ ಮರದ ಹೊರಗೆ ಚಾಚಿಕೊಂಡ ಒಂದು ಏಣಿಯ ನೆರಳಿನ ಬುಡ. ಆ ಏಣಿಯ ಮೇಲಿರುವುದು ಅವಳ ಗಂಡ ಹೊನ್ನಯ್ಯ. ನಾನೂ ಹತ್ತಿರದಲ್ಲೇ ಕಾಗದ ಹಾಸಿಕೊಂಡಿರುತ್ತಿದ್ದೆ. ಅವಳು ಎಲೆ ಅಡಿಕೆ ಕೊಡುತ್ತಿದ್ದಳು, ನನ್ನ ಸೊಟ್ಟ ಮರಗಳನ್ನು ನೋಡಿ, ನಿನ್ನ ಮರಕ್ಕೆ ಮೊದಲು ಎಣ್ಣೆ ಹಾಕಿ ಸೊಂಟ ತಿಕ್ಕಿಸು ಎನ್ನುತ್ತಿದ್ದಳು.

ಅವರ ಸಂಸಾರವೆಲ್ಲ ಆ ಏಣಿಯ ಮೇಲೆ ಕೆಳಗೆ ನಡೆದದ್ದು. ಲವಂಗದ ಮೊಗ್ಗನ್ನು ಅರಳುವ ಮೊದಲೇ ಕೊಯ್ಯಬೇಕು, ಅರಳಿದರೆ ಅದು ಕಸ. ಹೆಂಗಸು ಏಣಿ ಹತ್ತಿದರೆ ಮರದ ಮೊಗ್ಗೆಲ್ಲ ಒಮ್ಮೆಗೇ ಅರಳಿಬಿಡುತ್ತದೆ ಎಂಬುದು ಆಗಿನ ಮೇಸ್ತ್ರಿಗಳ ನಂಬಿಕೆ. ಹಾಗಾಗಿ ಗಂಡಸರು ಮೇಲೆ, ಹೆಂಗಸರು ಕೆಳಗೆ. ಹೊನ್ನಯ್ಯ ಮೇಲಿನಿಂದ ಗೊಂಚಲು ಉದುರಿಸುವುದು, ಇವಳು ಸೆರಗೊಡ್ಡುವುದು. ಬೆಳಗಾಗುವ ಮೊದಲು ಅವನು ಏಣಿ ಹತ್ತುತ್ತಿದ್ದ, ಸಂಜೆ ಸೀಟಿ ಹೊಡೆದ ಮೇಲೆ ಇಳಿಯುತ್ತಿದ್ದ, ಉಂಡವನೇ ಮಲಗುತ್ತಿದ್ದ. ಮೇಲೆ ನಿಂತರೆ ಏನೇನು ಕಾಣುತ್ತದೆ ಎಂದು ಅವನು ಕೂಗಿ ಹೇಳುತ್ತಿದ್ದನಂತೆ, ಹೊಳೆ ಕಾಣುತ್ತೆ, ನಿನ್ನ ತವರಿನ ಹಾದಿ ಕಾಣುತ್ತೆ, ಅಗೋ ನಿಮ್ಮಣ್ಣ ಬರ್ತಿದಾನೆ ಎಂದು. ಅಣ್ಣ ಬರುತ್ತಿದ್ದಾನೆ ಎಂದದ್ದು ಎಷ್ಟೋ ಸಲ ಸುಳ್ಳು. ಇವಳು ಓಡಿ ಬೇಲಿಯ ತನಕ ಹೋಗಿ ಬೈದುಕೊಂಡು ಬರುತ್ತಿದ್ದಳು. ಮರ ಕಡಿದ ವರ್ಷದ ಮಳೆಗಾಲದಲ್ಲಿ ಜ್ವರ ಬಂದು ಹೊನ್ನಯ್ಯ ಹೋದ. ಮಕ್ಕಳಿರಲಿಲ್ಲ. ಮದುವೆಯಾಗಿ ಆಗಿನ್ನೂ ಹೆಚ್ಚು ವರ್ಷ ಆಗಿರಲಿಲ್ಲ.

ಹೊನ್ನಯ್ಯ ಕೊಯ್ಲಿನಲ್ಲಿ ಎಲ್ಲರಿಗಿಂತ ಕೊನೆಗೆ ಇಳಿಯುವವನು. ಹೊತ್ತು ಮುಳುಗಲು ಇನ್ನೇನು ಚೂರು ಉಳಿದಿದೆ ಎನ್ನುವಾಗ ಅವನ ನೆರಳು ಒಂದೊಂದೇ ಮೆಟ್ಟಿಲು ಇಳಿದು ಬರುತ್ತದೆ, ಕೊನೆಯ ಮೆಟ್ಟಿಲಲ್ಲಿ ಸ್ವಲ್ಪ ನಿಲ್ಲುತ್ತದೆ, ಆಮೇಲೆ ದೇವೀರಕ್ಕನ ಮಡಿಲ ಮೇಲೆ ಹಾದು ತೂಕದ ಮನೆಯ ಕಡೆಗೆ ಹೋಗುತ್ತದೆ. ಹೋಗುವಾಗ ಅವಳು ಕೈಯೆತ್ತಿ ಅದನ್ನು ಸವರುತ್ತಿದ್ದಳು, ಮಗುವಿನ ತಲೆ ಸವರಿದ ಹಾಗೆ. ಅದಾದ ಮೇಲೆ ಎದ್ದು ಮನೆಗೆ. ಅವಳ ವರ್ಷವೆಂದರೆ ಆ ಒಂದು ತಿಂಗಳ ಸಂಜೆಗಳು. ಉಳಿದದ್ದೆಲ್ಲ ಸುಮ್ಮನೆ ಕಾಯುವುದು.

ಗೋಪುರದ ಸುದ್ದಿಯನ್ನು ನಾನೇ ಉತ್ಸಾಹದಿಂದ ಅವಳಿಗೆ ಹೇಳಿದೆ. ಎಷ್ಟು ಎತ್ತರ, ಎಷ್ಟು ಅಂದ, ಮೇಲೆ ಎಂಥ ಅಟ್ಟ, ಸುತ್ತ ಎಂಥ ಕಟಕಟೆ ಎಂದೆಲ್ಲ ವರ್ಣಿಸಿದೆ. ದೇವೀರಕ್ಕ ಎಲೆಗೆ ಸುಣ್ಣ ಹಚ್ಚುತ್ತಾ ಎಲ್ಲವನ್ನೂ ಕೇಳಿ, ಬಂಡೆಯ ಕಡೆ ನೋಡಿದಳು.

“ಅಲ್ಲ ಕಣೋ ಸಿದ್ದೋಜಿ, ಆ ಗೋಪ್ರಕ್ಕೆ ನೆರಳಿರಾಕಿಲ್ವಾ?” ಎಂದಳು.

ನಾನೂ ತಿರುಗಿ ಬಂಡೆಯ ಕಡೆ ನೋಡಿದೆ. ನೆರಳಿನಲ್ಲೇ ಉಂಡು, ನೆರಳಿನಲ್ಲೇ ಮದುವೆ ಮಾಡಿ, ನೆರಳಿನ ಮೇಲೆ ಪಂಚಾಯಿತಿ ಹೂಡಿದ ಊರು ನಮ್ಮದು. ಸಭೆಯಲ್ಲಿ ಎಂಜಿನಿಯರು ಗಾಳಿಯ ಬಗ್ಗೆ ಹೇಳಿದ್ದ, ಸಿಡಿಲಿನ ಬಗ್ಗೆ ಹೇಳಿದ್ದ, ಖಜಾಂಚಿ ತುಕ್ಕಿನ ಬಗ್ಗೆ ಕೇಳಿದ್ದ. ಗೋಪುರಕ್ಕೂ ನೆರಳು ಬೀಳುತ್ತದೆಯೆಂದು ಒಬ್ಬರಿಗೂ ಹೊಳೆದಿರಲಿಲ್ಲ. ಹೊಸ ನೆರಳು ಬಿದ್ದಲ್ಲಿ ನಮ್ಮ ಹಳೆಯ ನೆರಳು ಕಾಣಿಸುವುದಿಲ್ಲ ಎಂಬುದು ಊರಿನ ಕೂಸಿಗೂ ಗೊತ್ತು. ಮೂಗಿಗಿಂತ ಮೂಗುತಿ ಭಾರವಾಗುವುದೆಂದರೆ ಇದೇ.

ಮರುದಿನವೇ ಮೇಡಂಗೆ ಹೇಳಿದೆ. ಅವರ ಮುಖ ಸಪ್ಪಗಾಯಿತು. ಆದರೆ ಅವರು ಲೆಕ್ಕದ ಟೀಚರಾಗಿದ್ದವರು, ಬಾಯಿಮಾತು ಬೇಡ, ಪರೀಕ್ಷೆ ಮಾಡೋಣ ಎಂದರು. ಗೋಪುರದಷ್ಟೇ ಎತ್ತರಕ್ಕೆ ಬಿದಿರಿಗೆ ಬಿದಿರು ಕಟ್ಟಿ, ಗರಡಿಮನೆಯ ಪೈಲ್ವಾನರನ್ನೆಲ್ಲ ಕರೆಸಿ, ಹಗ್ಗ ಹಾಕಿ ಬಂಡೆಯ ಮೇಲೆ ಎತ್ತಿ ನಿಲ್ಲಿಸಿದೆವು. ನೆರಳಿನ ತುದಿ ಎಲ್ಲಿ ಬೀಳುತ್ತದೆ ಎಂದು ತಿಳಿಯಲೆಂದು ತುದಿಗೆ ನನ್ನ ಟವೆಲ್ಲನ್ನು ಕಟ್ಟಿದ್ದೆ. ಆ ಸಂಜೆ ಅರ್ಧ ಊರು ಬಂದಿತ್ತು. ಹೊತ್ತು ಇಳಿದ ಹಾಗೆ ಬಿದಿರಿನ ನೆರಳು ಉದ್ದವಾಗುತ್ತಾ, ಬಯಲಿನ ಮೇಲೆ ಹರಿಯುತ್ತಾ, ನಾನು ಬೇಡ ಬೇಡ ಎನ್ನುತ್ತಿದ್ದ ಹಾಗೆಯೇ ದೇವೀರಕ್ಕ ಕೂತ ಕಡೆಗೇ ಬಂತು. ಟವೆಲ್ಲಿನ ನೆರಳು ಮೊದಲು ಏಣಿಯ ಬುಡ ಮುಟ್ಟಿತು. ಆಮೇಲೆ ಒಂದು ಮೆಟ್ಟಿಲು ಏರಿತು, ಇನ್ನೊಂದು ಏರಿತು. ಹೊನ್ನಯ್ಯ ಇಳಿಯಲು ಶುರುಮಾಡುವ ಮೊದಲೇ ಅದು ಅವನ ಕಾಲಿನ ಹತ್ತಿರ ಇತ್ತು. ಬರೀ ಗಳುವಾದ್ದರಿಂದ ಈಗ ಪರವಾಗಿಲ್ಲ, ಗೋಪುರದ ಅಗಲವಾದ ಅಟ್ಟ ಬಂದರೆ ಇಡೀ ಏಣಿ ಅದರೊಳಗೆ ಮುಳುಗುತ್ತದೆ ಎಂಬುದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು. ಹೊನ್ನಯ್ಯ ಇನ್ನು ಇಳಿಯುವುದು ಯಾರಿಗೂ ಕಾಣುವುದಿಲ್ಲ. ದೇವೀರಕ್ಕ ಮಾತ್ರ ಆ ಟವೆಲ್ಲಿನ ನೆರಳು ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋಗುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಾ ಕೂತಿದ್ದಳು.

ಮತ್ತೆ ಸಭೆ ಸೇರಿತು. ಗೋಪುರವನ್ನು ಬೇರೆ ಕಡೆ ಕಟ್ಟೋಣ ಎಂದರು ಮೇಡಂ. ಬಂಡೆ ಬಿಟ್ಟರೆ ಉಳಿದದ್ದು ಮೆತ್ತನೆಯ ಮಣ್ಣು, ಗೋಪುರ ನಿಲ್ಲುವುದಿಲ್ಲ ಎಂದ ಎಂಜಿನಿಯರು. ಆಳಕ್ಕೆ ಅಗೆದು ಕಟ್ಟಬಹುದಾದ ಒಂದೆರಡು ಜಾಗ ತೋರಿಸಿದ. ಒಂದು ಕಡೆ ಕಟ್ಟಿದರೆ ಇಮಾಮ್ ಸಾಬರ ತಾಯಿಯ ಮೇಲೆ ನೆರಳು ಬೀಳುತ್ತಿತ್ತು. ಇನ್ನೊಂದು ಕಡೆ ಕಟ್ಟಿದರೆ ಒಣಗಿಸುವ ಕಣದ ಮೇಲೆ, ಅಂದರೆ ನನ್ನ ಅವ್ವನ ಮೇಲೆ. ನಾನು ಎದ್ದು ನಿಂತು, ಅದು ಮಾತ್ರ ಆಗದು ಎಂದುಬಿಟ್ಟೆ. ಪ್ರತಿಯೊಬ್ಬರೂ ಹಾಗೆಯೇ ಎದ್ದು ನಿಂತರು. ಗೋಪುರ ಎಲ್ಲರಿಗೂ ಬೇಕು, ಅದರ ನೆರಳು ಪಕ್ಕದವರ ಮನೆಯವರ ಮೇಲೆ ಬೀಳಲಿ. ಕಡೆಗೆ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಹಾಗಾದರೆ ಗೋಪುರವೇ ಬೇಡ ಎಂದರು. ನಿಜ ಹೇಳುತ್ತೇನೆ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ತಲೆ ತಗ್ಗಿಸಿ ಕೂತೆ.

ಹಿಂದಿನ ಸಾಲಿನಿಂದ ದೇವೀರಕ್ಕ ಕೋಲು ಊರಿ ಎದ್ದಳು. ಮೆಟ್ಟಿಲು ಕಡಿದಾಗಿರುತ್ತದೆಯೋ ಹೇಗೆ, ನಡುನಡುವೆ ಕೂರಲು ಜಾಗ ಇರುತ್ತದೆಯೋ ಎಂದು ಎಂಜಿನಿಯರನ್ನು ಕೇಳಿದಳು. ಇರುತ್ತದೆ ಎಂದ ಅವನು.

“ಹಂಗಾರೆ ಬಂಡೆ ಮ್ಯಾಲೇ ಕಟ್ರಪ್ಪ. ನಮ್ಮನೆಯವ್ರ ಮ್ಯಾಲೆ ಬಿದ್ರೆ ಬೀಳ್ಲಿ, ನಂದೇನೂ ತಕರಾರಿಲ್ಲ,” ಎಂದಳು.

ಮೇಡಂ ಅವಳ ಹತ್ತಿರ ಹೋಗಿ ಕೈ ಹಿಡಿದುಕೊಂಡು, ನಾಲ್ಕು ಜನಕ್ಕಾಗಿ ನೀವು ಕಳೆದುಕೊಳ್ಳುವುದು ಬೇಡ ದೇವೀರಮ್ಮ ಎಂದು ಎಷ್ಟೋ ಹೇಳಿದರು. ಅವಳು ಜಗ್ಗಲಿಲ್ಲ. ಊರು ಅವಳ ದೊಡ್ಡ ಮನಸ್ಸನ್ನು ಹೊಗಳಿತು. ತ್ಯಾಗ ಎಂದರೆ ಇದು ಎಂದು ಖಜಾಂಚಿ ಕಣ್ಣು ಒರೆಸಿಕೊಂಡ. ನನಗೆ ಸಂತೋಷಪಡಲೂ ಆಗಲಿಲ್ಲ, ಸುಮ್ಮನಿರಲೂ ಆಗಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಅವಳ ಜೊತೆ ನಡೆಯುತ್ತಾ, ಯಾಕಕ್ಕ ಹೀಗೆ ಮಾಡಿದೆ ಎಂದು ಕೇಳಿದೆ. ನಿನ್ನ ಮರ ನೆಟ್ಟಗಾಗಲಿ ಅಂತ ಎಂದು ನಕ್ಕಳು. ಆ ಮಾತು ನನ್ನನ್ನು ತುಂಬ ದಿನ ಚುಚ್ಚುತ್ತಿತ್ತು.

ಮಳೆಗಾಲದಲ್ಲಿ ಅಡಿಪಾಯ ಹಾಕಿ, ಮಾಗಿಯಲ್ಲಿ ಕಬ್ಬಿಣ ಜೋಡಿಸಿದರು. ಆ ವರ್ಷವೆಲ್ಲ ದೇವೀರಕ್ಕ ಒಂದು ವಿಚಿತ್ರ ಹಟ ಹಿಡಿದಿದ್ದಳು. ನಾಟಿ ವೈದ್ಯರ ಹತ್ತಿರ ಹೋಗಿ ಮೊಣಕಾಲಿಗೆ ಎಣ್ಣೆ ತಂದು ತಿಕ್ಕಿಕೊಳ್ಳುತ್ತಿದ್ದಳು. ಬೆಳಿಗ್ಗೆ ಎದ್ದವಳೇ ಕಲ್ಯಾಣಿಗೆ ಹೋಗಿ, ಕೋಲು ಊರಿಕೊಂಡು ಅದರ ಮೆಟ್ಟಿಲು ಇಳಿಯುವುದು, ಹತ್ತುವುದು. ನೀರು ತುಂಬುವ ಹೆಂಗಸರು ಅಜ್ಜಿಗೆ ಈ ವಯಸ್ಸಿನಲ್ಲಿ ಯಾವ ಯಾತ್ರೆಯ ಹುಚ್ಚು ಹಿಡಿಯಿತು ಎಂದು ನಗುತ್ತಿದ್ದರು. ನಾನೂ ನಕ್ಕಿದ್ದೆ.

ಉದ್ಘಾಟನೆಯನ್ನು ಕೊಯ್ಲಿನ ಮೊದಲ ಸಂಜೆಗೇ ಇಟ್ಟುಕೊಂಡಿದ್ದರು. ಆಕಾಶ ತೊಳೆದ ಹಾಗಿತ್ತು. ಗೋಪುರದ ಬುಡಕ್ಕೆ ಮಾವಿನ ತೋರಣ ಕಟ್ಟಿದ್ದರು. ನಾನು ಹೊಸ ಕಾಗದ, ಚೆನ್ನಾಗಿ ಮಸೆದ ಪೆನ್ಸಿಲ್ಲುಗಳು, ಬರೆಯುವ ಹಲಗೆ ಎಲ್ಲವನ್ನೂ ಹಿಡಿದು, ಮದುಮಗನಂತೆ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿದ್ದೆ. ಮೇಡಂ ದಾರ ಕತ್ತರಿಸಿದರು. ಮೊದಲು ಚಿತ್ರಗಾರರು ಹತ್ತಲಿ, ಅವರ ಕೆಲಸ ಮುಗಿದ ಮೇಲೆ ಉಳಿದವರು ಎಂದರು. ನಾನು ಮೆಟ್ಟಿಲಿಗೆ ಕಾಲಿಡಬೇಕು, ಅಷ್ಟರಲ್ಲಿ ಹಿಂದಿನಿಂದ ಯಾರೋ ಅಂಗಿ ಹಿಡಿದೆಳೆದರು. ನೋಡಿದರೆ ದೇವೀರಕ್ಕ. ಒಗೆದ ಸೀರೆ ಉಟ್ಟು, ತಲೆಗೆ ಎಣ್ಣೆ ಹಾಕಿ ಬಾಚಿಕೊಂಡಿದ್ದಳು. ನಾನೂ ಬರುತ್ತೇನೆ, ಕೈ ಕೊಡು ಎಂದಳು. ಅವಳು ಆ ಸಂಜೆ ಏಣಿಯ ಬುಡದಲ್ಲಿ ಕೂತು ಕಣ್ಣೀರು ಹಾಕುತ್ತಾಳೆ, ಅದನ್ನು ನಾನು ಮೇಲಿನಿಂದ ನೋಡಬೇಕಲ್ಲ ಎಂದು ಹೆದರಿದ್ದವನು ನಾನು. ಅವಳು ಅಲ್ಲಿರುವುದಿಲ್ಲ ಎಂದು ತಿಳಿದು ನನಗೆ ಎಷ್ಟೋ ಹಗುರವಾಯಿತು.

ಹತ್ತುವುದಕ್ಕೆ ನಮಗೆ ಹಿಡಿದ ಹೊತ್ತಿನಲ್ಲಿ ಬಾಬಣ್ಣ ಮೂರು ತಲೆ ಬೋಳಿಸಬಹುದಿತ್ತು. ಪ್ರತಿ ತಿರುವಿನಲ್ಲೂ ಅವಳು ಕೂತು ಮೊಣಕಾಲು ಉಜ್ಜಿಕೊಂಡಳು. ಬೇಡ ಅಕ್ಕ, ಇಳಿದುಬಿಡೋಣ ಎಂದರೆ ಬೈದಳು. ಅಟ್ಟ ತಲುಪಿದಾಗ ಹೊತ್ತು ಕೆಳಗೆ ಬಂದಿತ್ತು, ಬಿಸಿಲು ಹಣ್ಣಾಗಿತ್ತು.

ನಾನು ಕಟಕಟೆ ಹಿಡಿದು ಕೆಳಗೆ ನೋಡಿದೆ. ಏನು ಹೇಳಲಿ. ಇಡೀ ತೋಟ ಅಲ್ಲಿತ್ತು. ಸಾಲಿಗೆ ಸಾಲು, ಕೊಂಬೆಗೆ ಕೊಂಬೆ, ಒಂದೂ ವಾಲದ, ಒಂದೂ ಉಳುಕದ ಮರಗಳು. ಏಣಿಗಳ ಮೇಲೆ ಜನ, ಬುಟ್ಟಿ ಹೊತ್ತು ಓಡಾಡುವ ಜನ, ಕಣದ ಪಕ್ಕದಲ್ಲಿ ಅಷ್ಟು ಚಿಕ್ಕದಾಗಿ ನನ್ನ ಅವ್ವ. ನಾನು ಕೂಸಾಗಿದ್ದಾಗ ಅವಳ ಬೆನ್ನಿಗೆ ಕಟ್ಟಿಸಿಕೊಂಡು ನೋಡಿದ್ದ ತೋಟ ಇದೇ ಇರಬೇಕು. ಮೂಗಿಗೆ ಲವಂಗದ ಘಾಟು ಬಡಿದಂತಾಯಿತು. ಬಡಿದಿರಲಿಕ್ಕಿಲ್ಲ, ಆದರೆ ನಾನು ಅತ್ತೆ. ಅಳುತ್ತಲೇ ಹಲಗೆ ಜೋಡಿಸಿ, ಕಟಕಟೆಯ ನಡುವಿಗೆ ಸರಿಯಾಗಿ ನಿಂತು, ಮೊದಲ ಸಾಲಿನ ಗೆರೆ ಎಳೆದೆ.

ದೇವೀರಕ್ಕ ಪಕ್ಕದಲ್ಲಿ ನಿಂತಿದ್ದಳು. ಹೊಳೆ ಕಾಣುತ್ತಿತ್ತು, ಅವಳ ತವರಿನ ಹಾದಿಯೂ ಕಾಣುತ್ತಿತ್ತು. ಅವಳು ಅದಾವುದನ್ನೂ ನೋಡಲಿಲ್ಲ. ಬಗ್ಗಿ, ನೆಲದ ಮೇಲೆ ಗೋಪುರದ ನೆರಳು ಎಲ್ಲಿಯವರೆಗೆ ಹೋಗಿದೆ ಎಂದು ಹುಡುಕುತ್ತಿದ್ದಳು. ಅದು ಬಯಲಿನ ಮೇಲೆ ಉದ್ದಕ್ಕೆ ಚಾಚಿತ್ತು. ಕಬ್ಬಿಣದ ಕಾಲುಗಳು, ಅವುಗಳ ಮೇಲೆ ಕಪ್ಪಗೆ ಅಟ್ಟ, ಅಟ್ಟದ ಆಚೆಗೆ ಕಟಕಟೆಯ ಸರಳುಗಳು, ಸರಳುಗಳ ಆಚೆಗೆ ತುತ್ತತುದಿಯಲ್ಲಿ ಎರಡು ತಲೆಗಳು, ಒಂದು ಅವಳದು, ಒಂದು ನನ್ನದು. ಆ ತುದಿ ಏಣಿಯ ಬುಡಕ್ಕೆ ಇನ್ನೇನು ತಾಗುವುದರಲ್ಲಿತ್ತು. ಏಣಿಯ ಮೇಲ್ಗಡೆ ಹೊನ್ನಯ್ಯ ಕೈ ಚಾಚಿ ಗೊಂಚಲು ಕೀಳುತ್ತಿದ್ದ.

“ವಸಿ ಆ ಕಡೆ ಸರ್ಕೊ ಸಿದ್ದೋಜಿ. ನಿನ್ ನೆರಳು ನಡುವೆ ಬತ್ತೈತೆ,” ಎಂದಳು.

ನನಗೆ ಆಗ ಅರ್ಥವಾಯಿತು. ಕಲ್ಯಾಣಿಯ ಮೆಟ್ಟಿಲು, ಎಣ್ಣೆ, ಸಭೆಯಲ್ಲಿ ಅವಳು ಹೇಳಿದ ಮಾತು, ಎಲ್ಲವೂ ಒಮ್ಮೆಗೇ. ಊರಿನವರು ನಾವೆಲ್ಲ ಅಂದು ಬಿದಿರಿನ ತುದಿಯ ಟವೆಲ್ಲಿನಲ್ಲಿ ಏಣಿಯನ್ನು ನುಂಗಲು ಬಂದ ಕತ್ತಲೆಯನ್ನು ಕಂಡಿದ್ದೆವು. ಇವಳೊಬ್ಬಳು ಏಣಿ ಹತ್ತುವ ದಾರಿಯನ್ನು ಕಂಡಿದ್ದಳು. ನಾನು ಎಡಕ್ಕೆ ಸರಿದೆ, ಅಲ್ಲಿಯೂ ನನ್ನ ಭುಜದ ನೆರಳು ಅವಳ ನೆರಳಿನ ಪಕ್ಕಕ್ಕೇ ಬೀಳುತ್ತಿತ್ತು. ಬಲಕ್ಕೆ ಸರಿದೆ, ನನ್ನ ಹಲಗೆ ಹೊನ್ನಯ್ಯನ ಏಣಿಗೆ ಅಡ್ಡವಾಗುತ್ತಿತ್ತು. ಆ ಅಟ್ಟ ಇಬ್ಬರಿಗೆ ಆಗುವಂಥದಲ್ಲ. ಹಲಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಸದ್ದಾಗದಂತೆ ಮೆಟ್ಟಿಲು ಇಳಿದು,  ಅಟ್ಟದ ಅಡಿಯ ತಿರುವಿನಲ್ಲಿ ಕೂತೆ. ಅಲ್ಲಿ ಅಟ್ಟದ ನೆರಳಿನೊಳಗೇ ನನ್ನ ನೆರಳು ಸೇರಿಹೋಗುತ್ತಿತ್ತು. ಬಯಲಿಗೆ ಬೆನ್ನು ಮಾಡಿಕೊಂಡೆ, ನೋಡಬಾರದೆನಿಸಿತು. ಎದುರಿಗೆ ಸೂರ್ಯ ಮಾತ್ರ ಇದ್ದ.

ಕೆಳಗೆ ಜನರ ಗದ್ದಲ ಇದ್ದಕ್ಕಿದ್ದಂತೆ ನಿಂತಿತು. ಅವರೆಲ್ಲ ನೆಲ ನೋಡುತ್ತಿದ್ದಿರಬೇಕು. ಮೇಡಂ ಯಾರಿಗೋ ಸುಮ್ಮನಿರಿ ಎಂದದ್ದು ಕೇಳಿಸಿತು. ಅವಳ ತಲೆಯ ನೆರಳು ಎಷ್ಟನೆಯ ಮೆಟ್ಟಿಲಿಗೆ ಬಂದಿತ್ತೋ, ಹೊನ್ನಯ್ಯ ಇಳಿಯಲು ಕಾಲು ತೆಗೆದಿದ್ದನೋ ಏನೋ, ನಾನು ನೋಡಲಿಲ್ಲ. ಮೇಲಿನಿಂದ ಅವಳ ದನಿ ಮಾತ್ರ ನನ್ನ ಕಿವಿಗೆ ಬಿತ್ತು. ಮುದುಕಿಯ ದನಿಯಾಗಿರಲಿಲ್ಲ ಅದು.

“ಇಳೀಬ್ಯಾಡಿ, ಅಲ್ಲೇ ಇರಿ. ಇವತ್ತು ನಾನೇ ಹತ್ಕೊಂಡ್ ಬತ್ತಿದೀನಿ.”

ನಾನು ಒಂದೇ ಗೆರೆಯಿದ್ದ ಕಾಗದವನ್ನು ಮಡಿಲಲ್ಲಿಟ್ಟುಕೊಂಡು, ಹೊತ್ತು ಪೂರ್ತಿ ಮುಳುಗುವ ತನಕ ಅಲ್ಲಿಯೇ ಕೂತಿದ್ದೆ.